ಹೃತ್ಕವಾಟದ ಹೊಸ ಚಿಕಿತ್ಸೆಯೂ ರೋಗಿಯ ತಿಳಿವಳಿಕೆಯೂ

ಎದೆಯನ್ನು ಸೀಳದೆ, ಎದೆಯೆಲುಬನ್ನು ಕೊಯ್ಯದೆ, ಹೃದಯದ ಕೆಲಸವನ್ನು ಯಂತ್ರದ ಪಾಲಿಗೆ ಒಪ್ಪಿಸದೆ, ತೊಡೆಯ ಸಂದಿಯ ರಕ್ತನಾಳದೊಳಗಿಂದ ಪೆನ್ಸಿಲಿನ ಗಾತ್ರದ ನಳಿಕೆಯೊಂದನ್ನು ತೂರಿಸಿ, ಕೆಟ್ಟುಹೋದ ಹೃತ್ಕವಾಟದ ಸ್ಥಾನದಲ್ಲಿ ಹೊಸದೊಂದನ್ನು ನೆಲೆಗೊಳಿಸುವ ವಿದ್ಯೆಯು ನಮ್ಮ ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಬಂದಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಸೋಮವಾರ ಚಿಕಿತ್ಸೆ, ಗುರುವಾರ ಮನೆಯೂಟ, ಎಂದು ಜನರು ಆಡಿಕೊಳ್ಳುವುದನ್ನು ನಾವೂ ಕೇಳುತ್ತಿದ್ದೇವೆ. ಗಾಯವು ಸಣ್ಣದಾದುದರಿಂದ ಅಪಾಯವೂ ಸಣ್ಣದೇ ಎಂಬ ಭಾವನೆಯು ಇದರೊಡನೆಯೇ ಬೇರೂರುತ್ತಿದೆ. ನಾವು ಇಂದು ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿರುವುದು ಈ ಭಾವನೆಯ ವಿಷಯದಲ್ಲಿ.

ಮೊದಲು ಈ ವಿದ್ಯೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸುವುದು ನ್ಯಾಯ. ಹೃದಯದಿಂದ ಮಹಾಧಮನಿಗೆ ರಕ್ತವು ಹೊರಡುವ ಬಾಗಿಲಿನಲ್ಲಿ ಮೂರು ಎಸಳುಗಳುಳ್ಳ ಕವಾಟವೊಂದಿದೆ. ವಯಸ್ಸಾದಂತೆ ಅದರಲ್ಲಿ ಸುಣ್ಣದ ಅಂಶವು ಸೇರಿ, ಎಸಳುಗಳು ಬಿರುಸಾಗಿ, ಬಾಗಿಲು ಕಿರಿದಾಗುವುದುಂಟು. ಆಗ ಮನುಷ್ಯನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಮೇಲುಸಿರು ಬರುತ್ತದೆ, ಎದೆ ಹಿಡಿಯುತ್ತದೆ, ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟು ಬೀಳುತ್ತಾನೆ. ಈ ಚಿಹ್ನೆಗಳು ತೋರಿದ ಮೇಲೆ ಕವಾಟವನ್ನು ಬದಲಿಸದಿದ್ದರೆ ಆಯುಸ್ಸು ಬಹು ಕಾಲ ಉಳಿಯುವುದಿಲ್ಲ. ಹಿಂದೆ ಇದಕ್ಕೆ ಎದೆಯನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯೊಂದೇ ಮಾರ್ಗವಾಗಿದ್ದಿತು. ಎಂಬತ್ತು ದಾಟಿದ ವೃದ್ಧರನ್ನೂ, ಶ್ವಾಸಕೋಶ ಮೂತ್ರಪಿಂಡಗಳು ಕೆಟ್ಟವರನ್ನೂ ಶಸ್ತ್ರವೈದ್ಯರು ಕೈಮುಗಿದು ಹಿಂದಕ್ಕೆ ಕಳುಹಿಸುತ್ತಿದ್ದರು.

2002ನೆಯ ಇಸವಿ ಏಪ್ರಿಲ್ 16ರಂದು ಫ್ರಾನ್ಸ್ ದೇಶದ ರುವಾನ್ ನಗರದಲ್ಲಿ ಅಲಾಂ ಕ್ರಿಬಿಯೇ ಎಂಬ ವೈದ್ಯರು, ಯಾರೂ ಶಸ್ತ್ರ ಹಿಡಿಯಲೊಪ್ಪದ 57 ವರ್ಷದ ರೋಗಿಯೊಬ್ಬನಿಗೆ ನಳಿಕೆಯ ಮೂಲಕ ಮೊದಲ ಬಾರಿಗೆ ಈ ಕವಾಟವನ್ನು ಹಾಕಿದರು. ಕವಾಟವು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಆ ರೋಗಿಯು ಮೊದಲೇ ರಕ್ತಸಂಚಾರ ಕೆಟ್ಟಿದ್ದ ಕಾಲನ್ನು ಕಳೆದುಕೊಂಡು, ಅದರ ತೊಡಕುಗಳಿಂದ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡನು. ಈ ಚಿಕಿತ್ಸೆಯ ಚರಿತ್ರೆಯ ಮೊದಲನೆಯ ಪುಟದಲ್ಲಿಯೇ ಜಯವೂ ತೊಡಕೂ ಒಟ್ಟಿಗೆ ಬರೆಯಲ್ಪಟ್ಟಿವೆಯೆಂಬುದನ್ನು ಮರೆಯಲಾಗದು.

ತರುವಾಯದ ಜಯವು ಸಾಮಾನ್ಯವಾದುದಲ್ಲ. ಶಸ್ತ್ರಕ್ರಿಯೆಗೆ ಅನರ್ಹರೆಂದು ನಿರ್ಣಯಿಸಲ್ಪಟ್ಟ 358 ರೋಗಿಗಳನ್ನು ಎರಡು ಪಂಗಡವಾಗಿ ಮಾಡಿ ನಡೆಸಿದ ಪರೀಕ್ಷೆಯ ಫಲವು 2010ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಹಳೆಯ ರೀತಿಯ ಉಪಚಾರ ಪಡೆದವರಲ್ಲಿ ನೂರಕ್ಕೆ 50.7 ಮಂದಿಯೂ, ಹೊಸ ಕವಾಟ ಪಡೆದವರಲ್ಲಿ ನೂರಕ್ಕೆ 30.7 ಮಂದಿಯೂ ಮೃತರಾಗಿದ್ದರು. ಐವರಿಗೆ ಚಿಕಿತ್ಸೆ ಮಾಡಿದರೆ ಒಬ್ಬರನ್ನು ಆ ವರ್ಷದ ಮೃತ್ಯುವಿನಿಂದ ತಪ್ಪಿಸಿದಂತಾಯಿತು. ವೈದ್ಯಶಾಸ್ತ್ರದಲ್ಲಿ ಇಂತಹ ಫಲವು ಅಪರೂಪ. ಆದುದರಿಂದ ನಾವು ಈ ಚಿಕಿತ್ಸೆಯ ವಿರೋಧಿಗಳಲ್ಲ. ಅಗತ್ಯವುಳ್ಳ ರೋಗಿಯೊಬ್ಬರು ಈ ಲೇಖನವನ್ನು ಓದಿ ಹೆದರಿ ಹಿಮ್ಮೆಟ್ಟಿದರೆ ಅದು ನಮ್ಮ ಉದ್ದೇಶಕ್ಕೆ ತೀರ ವಿರುದ್ಧವಾದುದು.

ಹಾಗಾದರೆ ನಮ್ಮ ಆಕ್ಷೇಪಣೆಯೇನು? ಅಪರೂಪವಾಗಿ ಒದಗುವ ತೊಡಕುಗಳನ್ನು ರೋಗಿಗೂ ಅವನ ಮನೆಯವರಿಗೂ ಅವರ ಭಾಷೆಯಲ್ಲಿ ತಿಳಿಸುವ ಪದ್ಧತಿಯು ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಆ ತೊಡಕುಗಳಾವುವು? ಹಳೆಯ ಕವಾಟವನ್ನು ಕತ್ತರಿಸಿ ತೆಗೆಯುವುದಿಲ್ಲ. ಹೊಸದು ಅದನ್ನು ಗೋಡೆಯ ಕಡೆಗೆ ಒತ್ತರಿಸಿ ನಿಲ್ಲುತ್ತದೆ. ಹೃದಯಕ್ಕೇ ರಕ್ತವನ್ನುಣಿಸುವ ಕಿರೀಟಧಮನಿಗಳ ಬಾಯಿಗಳು ಅಲ್ಲಿಂದ ಕೆಲವೇ ಮಿಲಿಮೀಟರುಗಳ ಮೇಲಿರುತ್ತವೆ. ಅವು ತಗ್ಗಿನಲ್ಲಿದ್ದರೆ, ಒತ್ತರಿಸಲ್ಪಟ್ಟ ಹಳೆಯ ಎಸಳು ಅವುಗಳನ್ನು ಮುಚ್ಚಿಬಿಡುವುದುಂಟು. ಕವಾಟವನ್ನು ಅರಳಿಸುವಾಗ ಸುಣ್ಣಗಟ್ಟಿದ ಬಾಗಿಲಚೌಕಟ್ಟೇ ಬಿರಿಯುವುದುಂಟು. ಹೊಸ ಕವಾಟವು ನೆಲೆ ತಪ್ಪಿ ಜಾರುವುದುಂಟು. ಒಳಗೆ ತೂರಿಸಿದ ತಂತಿಯು ಹೃದಯದ ಗೋಡೆಯನ್ನು ಚುಚ್ಚಿ, ಸುತ್ತಣ ಚೀಲದಲ್ಲಿ ರಕ್ತವು ತುಂಬಿ, ಹೃದಯವನ್ನು ಹಿಸುಕುವುದುಂಟು. ಇಂತಹ ಪ್ರಸಂಗಗಳಲ್ಲಿ ರೋಗಿಯನ್ನು ಆ ಕ್ಷಣವೇ ದೊಡ್ಡ ಶಸ್ತ್ರಕ್ರಿಯೆಗೆ ಒಳಪಡಿಸಬೇಕಾಗಬಹುದು. ಯೂರೋಪಿನ 79 ಆಸ್ಪತ್ರೆಗಳಲ್ಲಿ 2013ರಿಂದ 2016ರವರೆಗೆ ಚಿಕಿತ್ಸೆ ಪಡೆದ 27,760 ರೋಗಿಗಳ ಲೆಕ್ಕವನ್ನು ನೋಡಿದಾಗ, ಸಾವಿರಕ್ಕೆ ಏಳೆಂಟು ಮಂದಿಗೆ ಹೀಗಾಗಿದ್ದುದು ಕಂಡುಬಂದಿತು. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಆಸ್ಪತ್ರೆಯಿಂದ ಜೀವಸಹಿತ ಹೊರಬರಲಿಲ್ಲ.

ಇವೆಲ್ಲವೂ ವೈದ್ಯರ ಕಣ್ಣೆದುರಿಗೇ ಒದಗುವಂಥವು. ಇವನ್ನು ಮೊದಲೇ ಊಹಿಸಲು ಅವರು ಸ್ಕ್ಯಾನ್ ತೆಗೆಯುತ್ತಾರೆ, ಅಳೆಯುತ್ತಾರೆ, ಸಜ್ಜಾಗಿರುತ್ತಾರೆ. ನಮ್ಮ ಮುಖ್ಯ ಚಿಂತೆಯು ಎರಡನೆಯ ಬಗೆಯ ತೊಡಕುಗಳ ವಿಷಯದ್ದು. ಅವು ರೋಗಿಯು ಮನೆಗೆ ಬಂದ ಮೇಲೆ, ವೈದ್ಯರ ಕಣ್ಣಿಗೆ ದೂರವಾಗಿ ಒದಗುವಂಥವು. ಕಿರೀಟಧಮನಿಯ ಬಾಯಿ ಮುಚ್ಚುವುದು ಕೆಲವರಲ್ಲಿ ತಡವಾಗಿ, ದಿನಗಳು ಅಥವಾ ತಿಂಗಳುಗಳು ಕಳೆದ ಮೇಲೆ ಆಗುತ್ತದೆ. 2018ರಲ್ಲಿ ಪ್ರಕಟವಾದ ಲೆಕ್ಕವೊಂದರಲ್ಲಿ 17,092 ಚಿಕಿತ್ಸೆಗಳ ಪೈಕಿ ಇಂತಹ 38 ಪ್ರಸಂಗಗಳು ಮಾತ್ರ ಕಂಡುಬಂದವು. ಅವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲಿಯೇ ತೀರಿಕೊಂಡರು. ಹೊಸ ಕವಾಟದ ಎಸಳುಗಳ ಮೇಲೆ ರಕ್ತವು ಹೆಪ್ಪುಗಟ್ಟಿ ಬಾಗಿಲು ಮತ್ತೆ ಬಿಗಿಯುವುದು ಇನ್ನೊಂದು. ಇದನ್ನು ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಔಷಧದಿಂದಲೇ ಕರಗಿಸಬಹುದು. ಮೂರನೆಯದು ಕವಾಟಕ್ಕೆ ಕ್ರಿಮಿಗಳು ಹತ್ತುವ ರೋಗ. 2016ರಲ್ಲಿ ಪ್ರಕಟವಾದ, ಸುಮಾರು 20,000 ರೋಗಿಗಳ ಲೆಕ್ಕದಲ್ಲಿ ಇದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಬಂದಿತ್ತು; ಬಂದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಆಸ್ಪತ್ರೆಯಲ್ಲಿಯೇ ಮೃತರಾದರು. ಈ ರೋಗವು ಅಬ್ಬರ ಮಾಡಿಕೊಂಡು ಬರುವುದಿಲ್ಲ. ಸಂಜೆಯ ಜ್ವರ, ಸ್ವಲ್ಪ ನಡುಕ, ಅನ್ನ ರುಚಿಸದಿರುವುದು, ಇಷ್ಟೇ ಅದರ ಮೊದಲ ಹೆಜ್ಜೆ.

ಇಲ್ಲಿ ನಾವು ಕಣ್ಣಾರೆ ಕಂಡ ಪ್ರಸಂಗವೊಂದನ್ನು ಹೇಳದೆ ಗತ್ಯಂತರವಿಲ್ಲ. ನಮ್ಮ ಹಿರಿಯ ಮಿತ್ರರೊಬ್ಬರು, ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ತಮ್ಮ 76ನೆಯ ವಯಸ್ಸಿನಲ್ಲಿ ಈ ಚಿಕಿತ್ಸೆಯನ್ನು ಮಾಡಿಸಿಕೊಂಡರು. ಚಿಕಿತ್ಸೆಯು ನಿರ್ದುಷ್ಟವಾಗಿ ನಡೆಯಿತು. ನಾಲ್ಕನೆಯ ದಿನ ಊರಿಗೆ ಬಂದು, ಹತ್ತನೆಯ ದಿನ ಕೆರೆಯ ಏರಿಯ ಮೇಲೆ ನಮ್ಮೊಡನೆ ನಡೆದಾಡಿದರು. ಎರಡು ತಿಂಗಳು ಕಳೆದ ಮೇಲೆ ಸಂಜೆಸಂಜೆಗೆ ಮೈ ಬೆಚ್ಚಗಾಗತೊಡಗಿತು. ಮಳೆಗಾಲದ ಜ್ವರವೆಂದು ಊರಿನ ವೈದ್ಯರು ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟರು, ಜ್ವರ ಇಳಿಯಿತು. ಮಾತ್ರೆ ಮುಗಿಯಿತು; ಜ್ವರ ಮರಳಿತು. ಮತ್ತೆ ಮಾತ್ರೆ, ಮತ್ತೆ ಜ್ವರ. ಹೀಗೆ ಮೂರು ವಾರಗಳು ಕಳೆದವು. ನಗರಕ್ಕೆ ಕರೆದೊಯ್ಯುವ ವೇಳೆಗೆ ಕವಾಟದ ಸುತ್ತ ಕೀವು ಕಟ್ಟಿತ್ತು. ಆ ಮಾತ್ರೆಗಳ ಪ್ರಭಾವದಿಂದಲೋ ಏನೋ, ಯಾವ ಕ್ರಿಮಿಯೆಂಬುದು ರಕ್ತದ ಪರೀಕ್ಷೆಯಲ್ಲಿ ಗೊತ್ತಾಗಲಿಲ್ಲ. ಐದನೆಯ ವಾರದಲ್ಲಿ ಅವರು ಇಲ್ಲವಾದರು.

ನಾವು ಯಾರನ್ನೂ ದೂರುವುದಿಲ್ಲ. ಚಿಕಿತ್ಸೆ ಮಾಡಿದವರು ನಿಪುಣರು. ಊರಿನ ವೈದ್ಯರು ಸಜ್ಜನರು. ಮೊದಲೇ ತಿಳಿದಿದ್ದರೆ ಆ ಮಿತ್ರರು ಬದುಕಿಯೇ ಬದುಕುತ್ತಿದ್ದರೆಂದು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಅವರ ಮನೆಯವರು ರುಜು ಮಾಡಿದ್ದ ಒಪ್ಪಿಗೆಯ ಕಾಗದವನ್ನು ಆಮೇಲೆ ನಾವು ತರಿಸಿ ನೋಡಿದೆವು. ಒಂಬತ್ತು ಪುಟಗಳ ಇಂಗ್ಲಿಷು. ಮೆಟ್ರಿಕ್ಯುಲೇಶನ್ನಿನವರೆಗೆ ಓದಿದ ನಾವು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಲು ಒಂದು ಸಂಜೆ ಹಿಡಿಯಿತು. ಏಳನೆಯ ಪುಟದಲ್ಲಿ, ಸಣ್ಣ ಅಕ್ಷರಗಳ ಸಾಲುಗಳ ನಡುವೆ, ಆ ರೋಗದ ಹೆಸರಿದ್ದಿತು. ಜ್ವರ ಬಂದರೆ ಏನು ಮಾಡತಕ್ಕದ್ದೆಂಬ ಮಾತು ಎಲ್ಲಿಯೂ ಇರಲಿಲ್ಲ. ಕಾನೂನಿನ ದೃಷ್ಟಿಯಿಂದ ಮನೆಯವರಿಗೆ ತಿಳಿಸಿದಂತಾಯಿತು. ಮನುಷ್ಯರ ದೃಷ್ಟಿಯಿಂದ ಯಾರಿಗೂ ತಿಳಿಸಿದಂತಾಗಲಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ. ನಮ್ಮ ಸರ್ವೋಚ್ಚ ನ್ಯಾಯಾಲಯವು 2008ನೆಯ ಇಸವಿ ಜನವರಿ 16ರಂದು ರೋಗಿಯ ಒಪ್ಪಿಗೆಯ ವಿಷಯದಲ್ಲಿ ಮಹತ್ತ್ವದ ತೀರ್ಪೊಂದನ್ನು ಕೊಟ್ಟಿದೆ. ರೋಗಿಯ ಒಪ್ಪಿಗೆಯಿಲ್ಲದೆ ಅಂಗವನ್ನು ತೆಗೆದುದು ತಪ್ಪೆಂದು ಆ ಮೊಕದ್ದಮೆಯಲ್ಲಿ ನಿರ್ಣಯವಾಯಿತು. ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಬೇರೆ ಮಾರ್ಗಗಳು, ಗಣನೀಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವಿಷ್ಟನ್ನೂ ರೋಗಿಗೆ ತಿಳಿಸಬೇಕೆಂದು ವಿಧಿಸಿರುವುದು ಸರ್ವಥಾ ಶ್ಲಾಘ್ಯವಾದುದು. ಆದರೆ ಅದೇ ತೀರ್ಪಿನಲ್ಲಿ, ದೂರದ ಹಾಗೂ ಕೇವಲ ಸಂಭಾವ್ಯವಾದ ಅಪಾಯಗಳನ್ನು ವಿವರಿಸಬೇಕಾದುದಿಲ್ಲ, ಏಕೆಂದರೆ ಅವು ರೋಗಿಯನ್ನು ಬೆದರಿಸಿ ಅಗತ್ಯದ ಚಿಕಿತ್ಸೆಯನ್ನೇ ನಿರಾಕರಿಸುವಂತೆ ಮಾಡಬಹುದು ಎಂಬ ಅಭಿಪ್ರಾಯವೂ ಇದೆ. ನಮ್ಮ ದೇಶದ ಬಡತನವನ್ನೂ, ಜನರು ವೈದ್ಯರಲ್ಲಿಟ್ಟಿರುವ ವಿಶ್ವಾಸವನ್ನೂ ನ್ಯಾಯಾಧೀಶರು ಮನಸ್ಸಿಗೆ ತಂದುಕೊಂಡೇ ಹೀಗೆ ಹೇಳಿದ್ದಾರೆ.

ಅನ್ಯದೇಶಗಳ ನ್ಯಾಯಾಲಯಗಳು ಬೇರೆ ದಾರಿ ಹಿಡಿದಿವೆ. ಆಸ್ಟ್ರೇಲಿಯದಲ್ಲಿ ಒಂದು ಕಣ್ಣು ಕುರುಡಾಗಿದ್ದ ಮಹಿಳೆಯೊಬ್ಬಳು ಆ ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಅದರ ಪರಿಣಾಮವಾಗಿ ಒಳ್ಳೆಯ ಕಣ್ಣನ್ನೂ ಕಳೆದುಕೊಂಡಳು. ಹಾಗಾಗುವ ಸಂಭವವು 14,000ಕ್ಕೆ ಒಂದು. ಆದರೂ, ಒಂದೇ ಕಣ್ಣಿನ ಆಧಾರದಿಂದ ಬಾಳುತ್ತಿದ್ದವಳಿಗೆ ಅದನ್ನು ತಿಳಿಸಬೇಕಾಗಿತ್ತೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 1992ರಲ್ಲಿ ತೀರ್ಮಾನಿಸಿತು. ಅಪಾಯದ ಮಹತ್ತ್ವವನ್ನು ಶೇಕಡಾ ಲೆಕ್ಕದಿಂದ ಮಾತ್ರ ಅಳೆಯಲಾಗದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವೂ 2015ರಲ್ಲಿ ಹೇಳಿತು. ಪರದೇಶದವರು ಮಾಡಿದರೆಂದು ನಾವೂ ಮಾಡಬೇಕೆಂಬ ವಾದವು ನಮ್ಮದಲ್ಲ. ನಮ್ಮ ವಾದವು ಬೇರೆಯಾಗಿದೆ.

ಈ ತೀರ್ಪುಗಳೆಲ್ಲವೂ ತಿಳಿವಳಿಕೆಯನ್ನು ಒಪ್ಪಿಗೆಯ ಸಾಧನವೆಂದು ಭಾವಿಸುತ್ತವೆ. ರೋಗಿಯು ಹೂಂ ಎನ್ನುವುದಕ್ಕೋ ಊಹೂಂ ಎನ್ನುವುದಕ್ಕೋ ತಿಳಿವಳಿಕೆ ಬೇಕು. ರುಜು ಬಿದ್ದ ಮೇಲೆ ಅದರ ಕೆಲಸ ಮುಗಿಯಿತು. ನಾವು ಹೇಳುವುದೇನೆಂದರೆ, ತಿಳಿವಳಿಕೆಯ ದೊಡ್ಡ ಕೆಲಸವು ರುಜು ಬಿದ್ದ ಮೇಲೆಯೇ ಪ್ರಾರಂಭವಾಗುತ್ತದೆ. ಆಸ್ಪತ್ರೆಯಲ್ಲಿ ರೋಗಿಯನ್ನು ಕಾಯಲು ಯಂತ್ರಗಳಿವೆ, ದಾದಿಯರಿದ್ದಾರೆ. ಮನೆಯಲ್ಲಿ ಕಾಯುವವರು ಯಾರು? ಹೆಂಡತಿ, ಮಗ, ಸೊಸೆ, ಊರಿನ ವೈದ್ಯರು, ಎಲ್ಲರಿಗಿಂತ ಮೊದಲು ರೋಗಿಯೇ. ಯಾವ ಕಳ್ಳನು ಯಾವ ಬಾಗಿಲಿನಿಂದ ಬರುವನೆಂಬುದನ್ನು ಕಾವಲುಗಾರನಿಗೇ ತಿಳಿಸದೆ ಅವನನ್ನು ರಾತ್ರಿಯೆಲ್ಲ ಕುಳ್ಳಿರಿಸಿದರೆ ಕಾವಲು ಎಂತಹುದಾದೀತು? ಅಪರೂಪದ ಅಪಾಯವನ್ನು ಹೇಳಿದರೆ ರೋಗಿಯು ಹೆದರುವನೆಂಬ ಮಾತು ಚಿಕಿತ್ಸೆಗೆ ಮುಂಚೆ ಸ್ವಲ್ಪಮಟ್ಟಿಗೆ ನಿಜವಾಗಿರಬಹುದು. ಚಿಕಿತ್ಸೆಯಾದ ಮೇಲೆ ಆ ನೆಪವೂ ಉಳಿಯುವುದಿಲ್ಲ.

ಹೆದರಿಕೆಯ ಮಾತನ್ನೂ ನಾವು ಪೂರ್ಣವಾಗಿ ಒಪ್ಪುವುದಿಲ್ಲ. ನಮ್ಮ ಜನರು ಬರಗಾಲವನ್ನು ಕಂಡವರು, ಮಹಾಮಾರಿಯನ್ನು ಕಂಡವರು. ಮಗಳ ಮದುವೆಯ ಸಾಲದ ಬಡ್ಡಿಯನ್ನು ಬಾಯಿಲೆಕ್ಕದಲ್ಲಿ ಹೇಳಬಲ್ಲ ರೈತನಿಗೆ, ಸಾವಿರದಲ್ಲಿ ಎಂಟು ಎಂದರೆ ಎಷ್ಟೆಂಬುದು ತಿಳಿಯದೆಂದು ಭಾವಿಸುವುದು ಅವನಿಗೆ ಮಾಡುವ ಅವಮಾನ. ಚಿಕಿತ್ಸೆ ಮಾಡಿಸದಿದ್ದರೆ ಇರುವ ಅಪಾಯವನ್ನೂ, ಮಾಡಿಸಿದರೆ ಇರುವ ಅಪಾಯವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೋರಿಸಿದರೆ, ಬಹುಪಾಲು ರೋಗಿಗಳು ಚಿಕಿತ್ಸೆಯ ಕಡೆಗೇ ಒಲಿಯುವರೆಂದು ನಮ್ಮ ನಂಬಿಕೆ. ಹೇಳದೆ ಬಿಟ್ಟ ಅಪಾಯವು ಬಂದೊದಗಿದಾಗಲಾದರೋ, ಮನೆಯವರಿಗೆ ವೈದ್ಯನು ಮೋಸಗಾರನಾಗಿ ಕಾಣುತ್ತಾನೆ. ಆಸ್ಪತ್ರೆಗಳ ಗಾಜುಗಳು ಒಡೆಯುವುದು ಬಹಳವಾಗಿ ಇಂತಹ ಸಂದರ್ಭಗಳಲ್ಲಿಯೇ. ವೈದ್ಯನನ್ನು ನಾರಾಯಣಸ್ವರೂಪನೆಂದು ಭಾವಿಸುವ ನಾಡಿನಲ್ಲಿ ವೈದ್ಯರು ಪೋಲೀಸರ ರಕ್ಷಣೆ ಬೇಡುವಂತಾಗಿರುವುದು ಎರಡು ಪಕ್ಷದವರಿಗೂ ನಾಚಿಕೆಯ ವಿಷಯ.

ತಿಳಿಸುವುದಾಯಿತು, ಲೆಕ್ಕವಿಡುವುದು ಎರಡನೆಯ ಮಾತು. ಅಪರೂಪದ ತೊಡಕೆಂಬುದು ಒಬ್ಬ ವೈದ್ಯನ ಕಣ್ಣಿಗೆ ಬೀಳುವುದೇ ಕಷ್ಟ. ವರ್ಷಕ್ಕೆ ಐವತ್ತು ಕವಾಟ ಹಾಕುವವರಿಗೆ ಸಾವಿರಕ್ಕೆ ಎರಡರಂತೆ ಬರುವ ತೊಡಕು ಹತ್ತು ವರ್ಷಕ್ಕೊಮ್ಮೆ ಕಂಡೀತು. ಕಂಡಾಗ ಅದು ಗ್ರಹಚಾರವೆಂದು ತೋರೀತು. ಎಲ್ಲರ ಲೆಕ್ಕವನ್ನೂ ಒಂದೆಡೆ ಕೂಡಿಸಿದಾಗ ಮಾತ್ರ ಗ್ರಹಚಾರದ ಹಿಂದಿನ ಕಾರಣವು ಗೋಚರಿಸುತ್ತದೆ. ಬಿಯಾರ್ಕ್–ಶೈಲಿ ಎಂಬ ಯಾಂತ್ರಿಕ ಕವಾಟದ ಒಂದು ಮಾದರಿಯ ಕಥೆಯು ಇದಕ್ಕೆ ಸಾಕ್ಷಿ. 1986ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯುವುದರೊಳಗೆ ಅದು ಜಗತ್ತಿನಲ್ಲಿ ಸುಮಾರು 86,000 ಜನರ ಎದೆಯನ್ನು ಸೇರಿಹೋಗಿತ್ತು. ಅದರ ಬಿಲ್ಲೆಯನ್ನು ಹಿಡಿದಿದ್ದ ತಂತಿಯು ಕೆಲವರಲ್ಲಿ ಹಠಾತ್ತನೆ ಮುರಿಯುತ್ತಿತ್ತು. ಮುರಿದವರಲ್ಲಿ ಬಹುಮಂದಿ ಬದುಕಲಿಲ್ಲ. ಅನಂತರ ಆ ಕವಾಟವನ್ನು ಧರಿಸಿದವರೆಲ್ಲಿದ್ದಾರೆಂದು ಊರೂರು ಹುಡುಕಿ ಎಚ್ಚರಿಸಬೇಕಾಯಿತು. ಮೊದಲಿನಿಂದ ಪಟ್ಟಿಯಿಟ್ಟಿದ್ದರೆ ಆ ಹುಡುಕಾಟವೇ ಬೇಕಾಗುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಲೆಕ್ಕವಿಡುವ ಸಂಪ್ರದಾಯವೇ ಇಲ್ಲವೆನ್ನುವ ಹಾಗಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ, ಒಂದರ ಹಿಂದೊಂದು ಮಾದರಿ ವಿಫಲವಾದರೂ ಎದೆಗುಂದದೆ ರೂಪಿಸಿದ ಸ್ವದೇಶೀ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಅನಂತರ 300ಕ್ಕೂ ಮೇಲ್ಪಟ್ಟ ರೋಗಿಗಳನ್ನು ದೇಶದ ಹಲವು ಆಸ್ಪತ್ರೆಗಳಲ್ಲಿ ಬೆನ್ನಟ್ಟಿ ನೋಡಿ ಅದರ ಗುಣದೋಷಗಳನ್ನು ಪ್ರಕಟಿಸಿದರು. ನಳಿಕೆಯಿಂದ ಹಾಕುವ ಕವಾಟಗಳೂ ಇಂದು ಗುಜರಾತಿನ ವಾಪಿಯಲ್ಲಿ ತಯಾರಾಗಿ ಪರದೇಶಗಳಿಗೆ ಹೋಗುತ್ತಿವೆ. ವೈದ್ಯಕೀಯ ಉಪಕರಣಗಳಿಂದಾದ ತೊಂದರೆಗಳನ್ನು ವರದಿಮಾಡಲು ಘಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗದ ಆಶ್ರಯದಲ್ಲಿ 2015ರ ಜುಲೈ 6ರಂದು ಒಂದು ಕಾರ್ಯಕ್ರಮವೂ ಪ್ರಾರಂಭವಾಗಿದೆ. ಅಮೆರಿಕದಲ್ಲಿ ಇಂತಹ ಕವಾಟ ಪಡೆದವರ ರಾಷ್ಟ್ರೀಯ ದಾಖಲೆಯು 2011ರಿಂದ ನಡೆಯುತ್ತಿದೆ. ಕವಾಟವನ್ನು ಮಾಡಬಲ್ಲ ದೇಶವು ಅದನ್ನು ಧರಿಸಿದವರ ಲೆಕ್ಕವನ್ನೂ ಇಡಬಲ್ಲುದು, ಇಡತಕ್ಕದ್ದು. ಪ್ರತಿಯೊಂದು ಕವಾಟವೂ, ಅದರ ತೊಡಕೂ ಕಡ್ಡಾಯವಾಗಿ ಒಂದೇ ಪುಸ್ತಕದಲ್ಲಿ ದಾಖಲಾಗುವ ಏರ್ಪಾಡನ್ನು ಸರ್ಕಾರದವರು ಮಾಡಬೇಕು. ಕೇವಲ ಒಳ್ಳೆಯ ಫಲವನ್ನು ಪ್ರಕಟಿಸುವ ಆಸ್ಪತ್ರೆಯು ಜಾಹೀರಾತು ಕೊಡುತ್ತದೆ. ಎರಡನ್ನೂ ಪ್ರಕಟಿಸುವ ಆಸ್ಪತ್ರೆಯು ವಿದ್ಯಾದಾನ ಮಾಡುತ್ತದೆ.

ಇನ್ನು ಕರ್ನಾಟಕದ ಆಸ್ಪತ್ರೆಗಳಲ್ಲಿ ನಮ್ಮ ಬೇಡಿಕೆಯು ಅತ್ಯಲ್ಪವಾದುದು. ಒಂಬತ್ತು ಪುಟಗಳ ಇಂಗ್ಲಿಷ್ ಕಾಗದವು ವಕೀಲರಿಗಾಗಿ ಇದ್ದುಕೊಳ್ಳಲಿ. ಅದರೊಡನೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾದ ಒಂದೇ ಒಂದು ಹಾಳೆಯ ಕನ್ನಡವಿರಲಿ. ಚಿಕಿತ್ಸೆಗೆ ಮುಂಚೆ ಒಮ್ಮೆ, ಮನೆಗೆ ಹೊರಡುವಾಗ ಇನ್ನೊಮ್ಮೆ, ಮನೆಯವರ ಸಮಕ್ಷಮ ಅದನ್ನು ಓದಿ ಹೇಳಲಿ. ಅದರಲ್ಲಿ ಇಷ್ಟಿದ್ದರೆ ಸಾಕು: ಜ್ವರ ಬಂದರೆ ಯಾವ ಆ್ಯಂಟಿಬಯಾಟಿಕ್ಕನ್ನೂ ನುಂಗುವ ಮೊದಲು ಆಸ್ಪತ್ರೆಗೆ ತಿಳಿಸಿ ರಕ್ತವನ್ನು ಕ್ರಿಮಿಪರೀಕ್ಷೆಗೆ ಕೊಡತಕ್ಕದ್ದು. ಎದೆನೋವು, ತಲೆ ತಿರುಗಿ ಬೀಳುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವುದನ್ನು ಕಾಯದೆ ಹೊರಡತಕ್ಕದ್ದು. ಕಳೆದುಹೋಗಿದ್ದ ಮೇಲುಸಿರು ಮರಳಿ ಬಂದರೆ ವಯಸ್ಸಿನ ದೋಷವೆಂದು ಸುಮ್ಮನಿರದೆ ಕವಾಟವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ಆಸ್ಪತ್ರೆಯವರನ್ನು ಕೇಳದೆ ನಿಲ್ಲಿಸತಕ್ಕದ್ದಲ್ಲ. ಹಲ್ಲುಗಳನ್ನು ಶುಚಿಯಾಗಿಟ್ಟುಕೊಂಡು, ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಕವಾಟದ ಸಂಗತಿಯನ್ನು ಹೇಳತಕ್ಕದ್ದು. ಕೆಳಗೆ ಕವಾಟದ ಹೆಸರು, ಅಳತೆ, ಹಾಕಿದ ತಾರೀಖು, ಹಗಲಿರುಳು ಉತ್ತರ ಕೊಡುವ ಫೋನ್ ನಂಬರು. ಇದರ ಇನ್ನೊಂದು ಪ್ರತಿಯು ಊರಿನ ವೈದ್ಯರಿಗೆ ತಲುಪಲಿ. ಒಂದು ಹಾಳೆಯ ಮುದ್ರಣಕ್ಕೆ ಏನು ವೆಚ್ಚವಾದೀತೆಂಬುದನ್ನು ಮುದ್ರಣಾಲಯವನ್ನು ನಡೆಸುವ ನಾವು ಬಲ್ಲೆವು. ಲಕ್ಷಗಟ್ಟಲೆ ರೂಪಾಯಿ ಬೆಲೆಯ ಕವಾಟದೊಡನೆ ಅದನ್ನು ಕೊಡಲಾರೆವೆಂದು ಯಾವ ಆಸ್ಪತ್ರೆಯೂ ಹೇಳಲಾರದು.

ವಾಚಕರಿಗೂ ಒಂದು ಮಾತು. ಕೇಳುವುದು ಅವಿಧೇಯತೆಯಲ್ಲ. ಹೊಲ ಕೊಳ್ಳುವಾಗ ಹತ್ತು ಸಲ ಪತ್ರ ನೋಡುವ ನಾವು, ಪ್ರಾಣದ ಪತ್ರಕ್ಕೆ ನೋಡದೆ ರುಜು ಹಾಕುವುದು ವಿಧೇಯತೆಯೂ ಅಲ್ಲ. ಇಲ್ಲಿ ಎಂತಹ ತೊಡಕುಗಳು ಬರಬಹುದು, ಬಂದರೆ ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಇದೇ ಕಟ್ಟಡದಲ್ಲಿದ್ದಾರೆಯೇ, ಮನೆಗೆ ಹೋದ ಮೇಲೆ ಏನನ್ನು ಕಾಯುತ್ತಿರಬೇಕು, ಈ ಮೂರು ಪ್ರಶ್ನೆಗಳನ್ನು ವಿನಯದಿಂದ, ಆದರೆ ತಪ್ಪದೆ ಕೇಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.

ನಮ್ಮ ಮಿತ್ರರು ತಮ್ಮ ತರಗತಿಯಲ್ಲಿ ಹುಡುಗರಿಗೆ ಸದಾ ಹೇಳುತ್ತಿದ್ದ ಮಾತು, ತಿಳಿಯದಿದ್ದರೆ ಕೈ ಎತ್ತಿ ಕೇಳಿ ಎಂಬುದು. ತಮ್ಮ ಸರದಿ ಬಂದಾಗ ಏನನ್ನು ಕೇಳಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ, ತಿಳಿದವರು ಹೇಳಲಿಲ್ಲ. ಮುಂದಿನ ಜ್ವರವು ಇನ್ನೊಂದು ಮನೆಯಲ್ಲಿ ಏರುವುದರೊಳಗೆ ಆ ಒಂದು ಹಾಳೆಯು ಅಲ್ಲಿಗೆ ತಲುಪಲೆಂಬುದೇ ವೈದ್ಯಮಹಾಶಯರಲ್ಲಿಯೂ ಸರ್ಕಾರದವರಲ್ಲಿಯೂ ನಮ್ಮ ಪ್ರಾರ್ಥನೆ.